ಕುಂಚ ಬಿಟ್ಟು ಕಬ್ಬಿಣ ಹಿಡಿದ ಲಕ್ಷ್ಮಣರಾವ್ ಕಿರ್ಲೋಸ್ಕರ್

ಓದಿದ ಹುಡುಗ ಕುರ್ಚಿಯ ಮೇಲೆ ಕುಳಿತು ದುಡಿಯಬೇಕು, ಅವನ ಕೈಗೆ ಮಸಿ ಅಂಟಬಾರದು ಎಂಬುದು ನಮ್ಮ ಮಧ್ಯಮ ವರ್ಗದ ಹಳೆಯ ನಂಬಿಕೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮಗ ಐಟಿಐ ಸೇರುತ್ತೇನೆಂದರೆ ಇಂದಿಗೂ ಅನೇಕ ಮನೆಗಳಲ್ಲಿ ಮೌನ ಆವರಿಸುತ್ತದೆ. ಆದರೆ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಬೆಳಗಾವಿ ಸೀಮೆಯ ವೇದಾಂತಿಯೊಬ್ಬರ ಮಗ ಈ ನಂಬಿಕೆಯನ್ನು ಪಕ್ಕಕ್ಕೆ ಸರಿಸಿ, ಕೈಯಲ್ಲಿದ್ದ ಸಂಬಳದ ನೌಕರಿ ಬಿಟ್ಟು ಕಬ್ಬಿಣದ ಕೆಲಸಕ್ಕೆ ಇಳಿದಿದ್ದರು. ಅವರೇ ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್.

ಲಕ್ಷ್ಮಣರಾವ್ ಜನಿಸಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ತಂದೆ ಕಾಶೀನಾಥಪಂತರು ವೇದಾಂತದಲ್ಲಿ ಪಾರಂಗತರು. ಮಗನಿಗೋ ಶಾಲೆಯ ಪಾಠ ರುಚಿಸಲಿಲ್ಲ. ಅವನ ಮನಸ್ಸು ಚಿತ್ರಕಲೆ ಮತ್ತು ಯಂತ್ರಗಳ ಕಡೆಗೇ ಎಳೆಯುತ್ತಿತ್ತು. 1885ರಲ್ಲಿ, ತಂದೆಗೆ ಇಷ್ಟವಿಲ್ಲದಿದ್ದರೂ, ಅಣ್ಣ ರಾಮುವಣ್ಣನ ಹಣದ ನೆರವಿನಿಂದ ಆತ ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದ.

ಅಲ್ಲಿ ಎದುರಾದದ್ದು ಮೊದಲ ಆಘಾತ. ಕಲಿಕೆ ಆರಂಭವಾಗಿ ಎರಡು ವರ್ಷಗಳಾಗುವಷ್ಟರಲ್ಲಿ ತಮಗೆ ಭಾಗಶಃ ವರ್ಣಾಂಧತೆಯಿದೆ ಎಂಬುದು ಲಕ್ಷ್ಮಣರಾಯರಿಗೆ ತಿಳಿಯಿತು. ಬಣ್ಣಗಳನ್ನು ಸರಿಯಾಗಿ ಗುರುತಿಸಲಾಗದವನು ಚಿತ್ರಕಾರನಾಗುವುದು ಹೇಗೆ? ಕುಂಚವನ್ನು ಕೆಳಗಿಟ್ಟರು. ಆದರೆ ಬಣ್ಣದ ಹಂಗಿಲ್ಲದ ಯಂತ್ರಗಳ ರೇಖಾಚಿತ್ರವನ್ನು ಬಿಡಲಿಲ್ಲ. ಆ ವಿದ್ಯೆಯೇ ಅವರನ್ನು ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯ ಸಹಾಯಕ ಶಿಕ್ಷಕರನ್ನಾಗಿ ಮಾಡಿತು. ಪಾಠ ಮುಗಿದ ಮೇಲೆ ಅವರ ಬಿಡುವಿನ ವೇಳೆ ಕಳೆಯುತ್ತಿದ್ದುದು ಸಂಸ್ಥೆಯ ಕಾರ್ಯಾಗಾರದಲ್ಲಿ. ಯಂತ್ರವನ್ನು ಕಾಗದದ ಮೇಲೆ ಬರೆಯುವುದಷ್ಟೇ ಅಲ್ಲ, ಅದನ್ನು ಕಳಚಿ ಜೋಡಿಸುವ ಕೆಲಸವನ್ನೂ ಅವರು ಅಲ್ಲಿ ಕೈಗೂಡಿಸಿಕೊಂಡರು.

ಆ ದಿನಗಳಲ್ಲಿ ಸೈಕಲ್ ಎಂಬುದು ಜನ ನಿಂತು ನೋಡುವ ಸೋಜಿಗವಾಗಿತ್ತು. ಮುಂಬಯಿಯಲ್ಲಿ ಸೈಕಲ್ ಸವಾರನೊಬ್ಬನನ್ನು ಕಂಡ ಲಕ್ಷ್ಮಣರಾಯರಿಗೆ ಅದರಲ್ಲಿ ವ್ಯಾಪಾರ ಕಾಣಿಸಿತು. ಅಣ್ಣನೊಂದಿಗೆ ಸೇರಿ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮುಂಬಯಿಯಿಂದ ತಮ್ಮ ಸೈಕಲ್ ಕಳುಹಿಸಿದರೆ, ಬೆಳಗಾವಿಯಲ್ಲಿ ಅಣ್ಣ ಮಾರುತ್ತಿದ್ದರು. ಸವಾರಿ ಕಲಿಸುವುದಕ್ಕೂ 15 ರೂಪಾಯಿ ಶುಲ್ಕವಿತ್ತು. ‘ಕಿರ್ಲೋಸ್ಕರ್ ಬ್ರದರ್ಸ್’ ಎಂಬ ಹೆಸರು ಹುಟ್ಟಿದ್ದು ಹೀಗೆ.

ಎರಡನೆಯ ಆಘಾತ ಬಂದದ್ದು ನೌಕರಿಯಲ್ಲಿ. ತಮಗೆ ಸಲ್ಲಬೇಕಿದ್ದ ಬಡ್ತಿ ಆಂಗ್ಲೋ ಇಂಡಿಯನ್ ಒಬ್ಬರ ಪಾಲಾದಾಗ ಲಕ್ಷ್ಮಣರಾಯರು ರಾಜೀನಾಮೆ ಕೊಟ್ಟರು. 1897ರಲ್ಲಿ ಬೆಳಗಾವಿಗೆ ಮರಳಿದರು. ಸಂಸಾರವಂತನಾದ ಪಂಡಿತನ ಮಗ ತಿಂಗಳ ಸಂಬಳವನ್ನು ತೊರೆದು, ಕಮ್ಮಾರಿಕೆಯೆಂದು ಜನ ಹಗುರವಾಗಿ ನೋಡುತ್ತಿದ್ದ ಕಸುಬಿಗೆ ಬರುವುದು ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ.

ಸೈಕಲ್ ವ್ಯಾಪಾರದ ಜೊತೆಗೆ ಮೇವು ಕತ್ತರಿಸುವ ಯಂತ್ರದ ತಯಾರಿಕೆ ಶುರುವಾಯಿತು. ಮುಂದಿನ ಹೆಜ್ಜೆ ಕಬ್ಬಿಣದ ನೇಗಿಲು. ಮರದ ನೇಗಿಲು ಮಣ್ಣನ್ನು ಕೆರೆಯುತ್ತದೆ. ಕಬ್ಬಿಣದ ನೇಗಿಲು ಅದನ್ನು ಆಳದಿಂದ ಮಗುಚಿ ಹಾಕುತ್ತದೆ. ಆದರೆ ರೈತರಿಗೆ ನಂಬಿಕೆ ಹುಟ್ಟಲಿಲ್ಲ. ಕಬ್ಬಿಣ ತಗುಲಿದರೆ ಭೂಮಿ ವಿಷವಾಗುತ್ತದೆ ಎಂಬ ಹೆದರಿಕೆ ಹಳ್ಳಿಗಳಲ್ಲಿ ಹರಡಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು.

ವ್ಯಾಪಾರ ಕುದುರುವ ಹೊತ್ತಿಗೆ ಮೂರನೆಯ ಪೆಟ್ಟು ಬಿತ್ತು. ಬಡಾವಣೆಯ ವಿಸ್ತರಣೆಗಾಗಿ ಜಾಗ ತೆರವು ಮಾಡುವಂತೆ ಬೆಳಗಾವಿಯ ಪುರಸಭೆ ನೋಟಿಸ್ ನೀಡಿತು. ಕಾರ್ಖಾನೆಗೆ ನೆಲೆಯೇ ಇಲ್ಲದಂತಾದಾಗ ಆಸರೆಯಾದವರು ಔಂಧ್ ಸಂಸ್ಥಾನದ ಅರಸ ಬಾಳಾಸಾಹೇಬ ಪಂತ ಪ್ರತಿನಿಧಿ. ಹತ್ತು ಸಾವಿರ ರೂಪಾಯಿ ಸಾಲ ಕೊಟ್ಟ ಅವರು, ಕುಂಡಲ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬಂಜರು ಭೂಮಿಯನ್ನೂ ನೀಡಿದರು. ಅಲ್ಲಿದ್ದದ್ದು ಪಾಪಾಸುಕಳ್ಳಿ ಮತ್ತು ನಾಗರಹಾವುಗಳು ಮಾತ್ರ. 1910ರಲ್ಲಿ ಇಪ್ಪತ್ತೈದು ಮಂದಿ ಕೆಲಸಗಾರರು ಹಾಗೂ ಅವರ ಕುಟುಂಬಗಳೊಂದಿಗೆ ಲಕ್ಷ್ಮಣರಾಯರು ಆ ಬಂಜರಿನಲ್ಲಿ ನೆಲೆಯೂರಿದರು. ಅದೇ ಇಂದಿನ ಕಿರ್ಲೋಸ್ಕರವಾಡಿ.

ಕಾರ್ಖಾನೆಯ ಸುತ್ತ ಊರು ಬೆಳೆಯಿತು. ಅಸ್ಪೃಶ್ಯತೆಗೆ ಅಲ್ಲಿ ಅವಕಾಶವಿರಲಿಲ್ಲ. ಜೈಲಿನಿಂದ ಬಿಡುಗಡೆಯಾದ ಕೆಲವರನ್ನು ಲಕ್ಷ್ಮಣರಾಯರು ರಾತ್ರಿ ಕಾವಲಿಗೇ ನೇಮಿಸಿದರು. ಮೊದಲ ಮಹಾಯುದ್ಧ ಕಬ್ಬಿಣ ಮತ್ತು ಕಲ್ಲಿದ್ದಲಿನ ಅಭಾವವನ್ನು ತಂದಿತಾದರೂ ಕುಲುಮೆ ಆರಲಿಲ್ಲ. 1920ರಲ್ಲಿ ಸಂಸ್ಥೆ ಲಿಮಿಟೆಡ್ ಕಂಪನಿಯಾಯಿತು. ನೇಗಿಲಿನ ಜೊತೆಗೆ ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ನೀರೆತ್ತುವ ಪಂಪು, ಲೇತ್ ಯಂತ್ರಗಳೂ ಹೊರಬಂದವು.

ಕನ್ನಡನಾಡಿನ ನಂಟು ಮತ್ತೆ ಬೆಸೆದದ್ದು 1941ರಲ್ಲಿ. ಹರಿಹರದಲ್ಲಿ ತುಂಗಭದ್ರೆಯ ದಡದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಗಿ, ಅಲ್ಲಿ ತಯಾರಾದ ಲೇತ್‌ಗಳು ದೇಶದ ಅಸಂಖ್ಯ ವರ್ಕ್‌ಷಾಪುಗಳನ್ನು ಸೇರಿದವು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಆರಂಭವಾಯಿತು. ಹರಿಹರದ ಕಾರ್ಖಾನೆ ಮುಂದೆ ಬಾಗಿಲು ಮುಚ್ಚಿತಾದರೂ, ಅಲ್ಲಿ ದುಡಿದ ಟರ್ನರ್, ಫಿಟ್ಟರ್‌ಗಳ ಸಂಬಳ ಒಂದು ತಲೆಮಾರಿನ ಮಕ್ಕಳ ಓದಿಗೆ ಆಸರೆಯಾಗಿತ್ತು.

ಮುಪ್ಪಿನಲ್ಲೂ ಪರೀಕ್ಷೆ ತಪ್ಪಲಿಲ್ಲ. 1948ರಲ್ಲಿ ಗಾಂಧೀಜಿಯವರ ಹತ್ಯೆಯ ನಂತರ ನಡೆದ ಗಲಭೆಯಲ್ಲಿ ಕಿರ್ಲೋಸ್ಕರವಾಡಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಎಪ್ಪತ್ತೆಂಟರ ವಯಸ್ಸಿನಲ್ಲಿ ಲಕ್ಷ್ಮಣರಾಯರು ಆ ನಷ್ಟವನ್ನೂ ಕಂಡರು. ಕಾರ್ಖಾನೆ ಮತ್ತೆ ಎದ್ದು ನಿಂತುದನ್ನೂ ಕಂಡರು. 1956ರ ಸೆಪ್ಟೆಂಬರ್ 26ರಂದು ಅವರು ಕೊನೆಯುಸಿರೆಳೆದರು. ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಅಂಚೆ ಇಲಾಖೆ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು.

ಬಡ್ತಿಗಾಗಿ ಕಾದು ಕುಳಿತಿದ್ದರೆ ಲಕ್ಷ್ಮಣರಾಯರು ಬಹುಶಃ ನಿವೃತ್ತ ಶಿಕ್ಷಕರಾಗಿ ಮುಂಬಯಿಯಲ್ಲೇ ಉಳಿಯುತ್ತಿದ್ದರು. ಮಸಿಗೆ ಹೆದರದ ಅವರ ಕೈ ಸಾವಿರಾರು ಕೈಗಳಿಗೆ ಕಸುಬು ಕೊಟ್ಟಿತು. ಐಟಿಐ ಅರ್ಜಿಯನ್ನು ಹಿಡಿದು ನಿಂತ ಮಗನಿಗೆ ಬೇಡವೆನ್ನುವ ಮೊದಲು ತಂದೆತಾಯಿಗಳು ಗುರ್ಲಹೊಸೂರಿನ ಈ ಹುಡುಗನನ್ನು ಒಮ್ಮೆ ನೆನೆಯುವುದು ಒಳಿತು.