ರಿಚರ್ಡ್ ರೈಟ್

ರಿಚರ್ಡ್ ವಿಲಿಯಂ ರೈಟ್ (೨೮ ಜುಲೈ ೧೯೪೩ – ೧೫ ಸೆಪ್ಟೆಂಬರ್ ೨೦೦೮) ಇಂಗ್ಲೆಂಡಿನ ಕೀಬೋರ್ಡ್ ವಾದಕರು, ಗಾಯಕರು ಹಾಗೂ ಸಂಗೀತ ಸಂಯೋಜಕರು. ಪ್ರೋಗ್ರೆಸ್ಸಿವ್ ರಾಕ್ ಸಂಗೀತದ ಪ್ರಸಿದ್ಧ ತಂಡವಾದ ಪಿಂಕ್ ಫ್ಲಾಯ್ಡ್‌ನ ಸ್ಥಾಪಕ ಸದಸ್ಯರಲ್ಲಿ ಒಬ್ಬರು. ತಾವೂ ಸೇರಿ ಕಟ್ಟಿದ ತಂಡದಿಂದ ಹೊರಬಿದ್ದು, ಅದೇ ತಂಡದಲ್ಲಿ ಸಂಬಳಕ್ಕೆ ನುಡಿಸಿ, ೧೯೯೪ರ 'ದಿ ಡಿವಿಷನ್ ಬೆಲ್' ಆಲ್ಬಮ್‌ನಲ್ಲಿ ಮತ್ತೆ ಸಂಯೋಜಕರಾಗಿ ಕಾಣಿಸಿಕೊಂಡದ್ದು ಇವರ ಬದುಕಿನ ವಿಶೇಷ.

ಆರಂಭಿಕ ಜೀವನ

ರೈಟ್ ಅವರು ಮಿಡ್ಲ್‌ಸೆಕ್ಸ್‌ನ ಹ್ಯಾಚ್ ಎಂಡ್‌ನಲ್ಲಿ ಜನಿಸಿದರು. ಹನ್ನೆರಡನೆಯ ವಯಸ್ಸಿನಲ್ಲಿ ಕಾಲು ಮುರಿದು ಮನೆಯಲ್ಲಿದ್ದಾಗ ಗಿಟಾರ್ ಮತ್ತು ಪಿಯಾನೋ ನುಡಿಸುವುದನ್ನು ತಾವಾಗಿಯೇ ಅಭ್ಯಾಸ ಮಾಡಿದರು. ೧೯೬೨ರಲ್ಲಿ ವಾಸ್ತುಶಿಲ್ಪ ವಿದ್ಯಾಭ್ಯಾಸಕ್ಕಾಗಿ ಲಂಡನ್ನಿನ ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್ ಸೇರಿದರು. ಅಲ್ಲಿ ರೋಜರ್ ವಾಟರ್ಸ್ ಮತ್ತು ನಿಕ್ ಮೇಸನ್ ಅವರ ಪರಿಚಯವಾಯಿತು. ಮುಂದೆ ಸಿಡ್ ಬ್ಯಾರೆಟ್ ಇವರನ್ನು ಕೂಡಿಕೊಂಡರು. ೧೯೬೭ರಲ್ಲಿ ತಂಡದ ಮೊದಲ ಆಲ್ಬಮ್ ಹೊರಬಂದಿತು. ಮರುವರ್ಷ ಬ್ಯಾರೆಟ್ ತಂಡದಿಂದ ದೂರವಾದರು; ಅದೇ ವರ್ಷ ಡೇವಿಡ್ ಗಿಲ್ಮೋರ್ ಸೇರಿದ್ದರು.

ಸಂಗೀತ

ರೈಟ್ ಅವರಿಗೆ ಜಾಝ್ ಸಂಗೀತದಲ್ಲಿ ವಿಶೇಷ ಒಲವಿತ್ತು. ೧೯೭೩ರ 'ದಿ ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಮ್‌ನ 'ದಿ ಗ್ರೇಟ್ ಗಿಗ್ ಇನ್ ದ ಸ್ಕೈ' ಇವರ ಪ್ರಸಿದ್ಧ ರಚನೆ. ಅದೇ ಆಲ್ಬಮ್‌ನ 'ಅಸ್ ಅಂಡ್ ದೆಮ್' ಗೀತೆಯ ಸಂಗೀತವನ್ನು ಮೊದಲು ನಿರ್ದೇಶಕ ಆಂಟೋನಿಯೋನಿ ಅವರ ಚಲನಚಿತ್ರವೊಂದಕ್ಕಾಗಿ ರಚಿಸಲಾಗಿತ್ತು. ಚಿತ್ರದಲ್ಲಿ ಅದು ಬಳಕೆಯಾಗಲಿಲ್ಲ.

ತಂಡದಿಂದ ನಿರ್ಗಮನ

೧೯೭೯ರಲ್ಲಿ 'ದಿ ವಾಲ್' ಆಲ್ಬಮ್‌ನ ಧ್ವನಿಮುದ್ರಣದ ಕಾಲದಲ್ಲಿ ವಾಟರ್ಸ್ ಅವರೊಂದಿಗಿನ ಭಿನ್ನಾಭಿಪ್ರಾಯ ತೀವ್ರವಾಗಿ, ರೈಟ್ ತಂಡವನ್ನು ಬಿಡಬೇಕಾಯಿತು. ಆದರೂ ೧೯೮೦–೮೧ರ 'ದಿ ವಾಲ್' ಕಾರ್ಯಕ್ರಮಗಳಲ್ಲಿ ಸಂಬಳದ ವಾದಕರಾಗಿ ನುಡಿಸಿದರು. ಭಾರಿ ವೆಚ್ಚದ ಆ ಕಾರ್ಯಕ್ರಮಗಳಿಂದ ಉಳಿದ ಮೂವರಿಗೆ ನಷ್ಟವಾಯಿತು. ಸಂಬಳ ಪಡೆದ ರೈಟ್ ಅವರಿಗೆ ಮಾತ್ರ ಲಾಭವಾಯಿತು. ೧೯೮೩ರ 'ದಿ ಫೈನಲ್ ಕಟ್' ಆಲ್ಬಮ್‌ನಲ್ಲಿ ಇವರ ಪಾತ್ರವಿರಲಿಲ್ಲ.

ಪುನರಾಗಮನ ಮತ್ತು 'ದಿ ಡಿವಿಷನ್ ಬೆಲ್'

ವಾಟರ್ಸ್ ತಂಡವನ್ನು ತೊರೆದ ಬಳಿಕ ಗಿಲ್ಮೋರ್ ಮತ್ತು ಮೇಸನ್ ಸಿದ್ಧಪಡಿಸಿದ ೧೯೮೭ರ ಆಲ್ಬಮ್‌ನಲ್ಲಿ ರೈಟ್ ಭಾಗವಹಿಸಿದರು. ಆಗಲೂ ಅವರು ಅಧಿಕೃತ ಸದಸ್ಯರಾಗಿರದೆ ಸಂಬಳದ ವಾದಕರೇ ಆಗಿದ್ದರು.

೧೯೯೩ರ ಆರಂಭದಲ್ಲಿ ಈ ಮೂವರೂ ಲಂಡನ್ನಿನ ಸ್ಟುಡಿಯೋದಲ್ಲಿ ಕುಳಿತು, ಪೂರ್ವಸಿದ್ಧತೆಯಿಲ್ಲದೆ ಮನೋಧರ್ಮಕ್ಕೆ ತಕ್ಕಂತೆ ನುಡಿಸುತ್ತಾ ಹೊಸ ರಚನೆಗಳನ್ನು ರೂಪಿಸಿದರು. ಮುಂದಿನ ಕೆಲಸದ ಬಹುಭಾಗ ಥೇಮ್ಸ್ ನದಿಯಲ್ಲಿದ್ದ ಗಿಲ್ಮೋರ್ ಅವರ ದೋಣಿಮನೆ 'ಅಸ್ಟೋರಿಯಾ'ದಲ್ಲಿ ನಡೆಯಿತು. ಒಪ್ಪಂದದಲ್ಲಿ ತಮಗೆ ಪೂರ್ಣ ಸದಸ್ಯತ್ವವಿಲ್ಲದ ಕಾರಣ ಅಸಮಾಧಾನಗೊಂಡ ರೈಟ್ ಕೆಲಸವನ್ನೇ ಬಿಡುವ ಹಂತ ತಲುಪಿದ್ದರು. ಕೊನೆಗೆ ತಂಡದಲ್ಲೇ ಉಳಿದರು. ೧೯೭೫ರ ನಂತರ ಮೊದಲ ಬಾರಿಗೆ, ಐದು ರಚನೆಗಳ ಸಹಸಂಯೋಜಕರಾಗಿ ಅವರ ಹೆಸರು ತಂಡದ ಆಲ್ಬಮ್‌ನಲ್ಲಿ ಕಾಣಿಸಿಕೊಂಡಿತು. 'ವೇರಿಂಗ್ ದಿ ಇನ್‌ಸೈಡ್ ಔಟ್' ಗೀತೆಯನ್ನು ಅವರು ಮುಖ್ಯ ಗಾಯಕರಾಗಿ ಹಾಡಿದರು. ಮಾತು ಕಳೆದುಕೊಂಡವನು ಮತ್ತೆ ಜನರ ನಡುವೆ ಬರುವುದು ಈ ಗೀತೆಯ ವಸ್ತು. ಸಾಹಿತ್ಯ ಆಂಥೋನಿ ಮೂರ್ ಅವರದು. ಆಲ್ಬಮ್ ಬ್ರಿಟನ್ ಹಾಗೂ ಅಮೆರಿಕಗಳ ಪಟ್ಟಿಗಳಲ್ಲಿ ಮೊದಲ ಸ್ಥಾನ ಪಡೆಯಿತು. ಗಿಲ್ಮೋರ್ ಅವರೊಡನೆ ರೈಟ್ ಸಂಯೋಜಿಸಿದ ವಾದ್ಯರಚನೆ 'ಮರೂನ್ಡ್' ಗ್ರ್ಯಾಮಿ ಪ್ರಶಸ್ತಿಗೆ ಪಾತ್ರವಾಯಿತು.

ಕೊನೆಯ ವರ್ಷಗಳು

೨ ಜುಲೈ ೨೦೦೫ರಂದು ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ನಡೆದ 'ಲೈವ್ ೮' ಕಾರ್ಯಕ್ರಮದಲ್ಲಿ ವಾಟರ್ಸ್ ಸೇರಿದಂತೆ ನಾಲ್ವರೂ ಒಂದೇ ವೇದಿಕೆಯಲ್ಲಿ ನುಡಿಸಿದರು. ೨೦೦೬ರಲ್ಲಿ ರೈಟ್ ಅವರು ಗಿಲ್ಮೋರ್ ಅವರ ಸಂಗೀತ ಪ್ರವಾಸದಲ್ಲಿ ಪಾಲ್ಗೊಂಡರು. ೨೦೦೮ರಲ್ಲಿ ಕ್ಯಾನ್ಸರ್‌ನಿಂದ ತಮ್ಮ ೬೫ನೆಯ ವಯಸ್ಸಿನಲ್ಲಿ ನಿಧನರಾದರು.

'ದಿ ಡಿವಿಷನ್ ಬೆಲ್' ಕಾಲದಲ್ಲಿ ಮುದ್ರಿಸಿ ಬಳಸದೆ ಉಳಿದಿದ್ದ ರೈಟ್ ಅವರ ಕೀಬೋರ್ಡ್ ವಾದನವನ್ನು ಆಧರಿಸಿ ಗಿಲ್ಮೋರ್ ಮತ್ತು ಮೇಸನ್ 'ದಿ ಎಂಡ್ಲೆಸ್ ರಿವರ್' ಆಲ್ಬಮ್ ಸಿದ್ಧಪಡಿಸಿದರು. ೨೦೧೪ರ ನವೆಂಬರ್‌ನಲ್ಲಿ ಬಿಡುಗಡೆಯಾದ ಈ ಆಲ್ಬಮ್ ಅವರ ಸ್ಮರಣೆಗೆ ಸಲ್ಲಿಸಿದ ಗೌರವವಾಗಿದೆ.