ಬೆಂಜಮಿನ್ ಲೀ
1935ರಲ್ಲಿ ಕೊರಿಯಾದ ಸಿಯೋಲ್ ನಗರದಲ್ಲಿ ಜನಿಸಿದ ಬೆಂಜಮಿನ್ ಲೀಯವರು ಯುದ್ಧದಿಂದ ಜರ್ಜರಿತವಾದ ತಾಯ್ನಾಡನ್ನು ಬಿಟ್ಟು ಅಮೆರಿಕೆಗೆ ತೆರಳಿ ಭೌತಶಾಸ್ತ್ರಜ್ಞರಾದರು. ಮೂಲಕಣಗಳಿಗೆ ತೂಕವನ್ನೀಯುವ ಕ್ಷೇತ್ರಕ್ಕೆ ಹಿಗ್ಸ್ ಎಂಬ ಹೆಸರು ವಿದ್ವತ್ಸಭೆಗಳಲ್ಲಿ ರೂಢಿಗೆ ಬಂದುದು ಬಹುಮಟ್ಟಿಗೆ ಅವರಿಂದ. ನಮ್ಮೆಣಿಕೆಯಲ್ಲಿ ಅದು ಅಲ್ಪ ಸಂಗತಿ. ಆ ಸಿದ್ಧಾಂತದ ಗಣಿತದಲ್ಲಿ ಅನಂತಗಳು ತಲೆದೋರಿ ಉತ್ತರವೇ ದೊರೆಯದಂತಿದ್ದಿತು. 1971ರಲ್ಲಿ ಹಾಲೆಂಡಿನ ತರುಣ ಟ್ ಹೂಫ್ಟರು ದಾರಿ ತೋರಿಸಲು, ಮರುವರ್ಷ ಲೀಯವರು ಜಿನ್-ಜಸ್ಟಿನ್‌ರೊಡಗೂಡಿ ಅದನ್ನು ದೃಢಪಡಿಸಿದರು.

ಹಿಗ್ಸ್ ಒಂದೇ ಅಲ್ಲದೆ ಹಲವಿದ್ದಲ್ಲಿ, ದುರ್ಬಲ ಬಲವನ್ನು ವಹಿಸುವ ಡಬ್ಲ್ಯೂ ಮತ್ತು ಝಡ್ ಕಣಗಳ ತೂಕದ ಪ್ರಮಾಣವು ಎಳ್ಳಷ್ಟು ಕದಲಬಹುದು. ಕದಲಿತೋ ಇಲ್ಲವೋ ಎಂದು ಹೇಳಬೇಕಾದರೆ ಅದು ಎಲ್ಲಿರತಕ್ಕದ್ದೆಂಬ ಲೆಕ್ಕ ಮೊದಲು ಬೇಕಷ್ಟೆ! ಆ ಲೆಕ್ಕವನ್ನು ನಂಬಬಹುದೆಂದು ತೋರಿಸಿದವರಲ್ಲಿ ಲೀಯವರೊಬ್ಬರು. ಅದರ ಬಲದಿಂದ ಜಿನೀವಾದ ವಿಜ್ಞಾನಿಗಳು 1989ರಿಂದ ಕೋಟಿಗೆ ಮೀರಿದ ಝಡ್ ಕಣಗಳನ್ನು ಪರೀಕ್ಷಿಸಿ, ಬಹು ಹಿಗ್ಸ್‌ಗಳ ಅನೇಕ ಕಲ್ಪನೆಗಳನ್ನು ಇಕ್ಕಟ್ಟಿಗೆ ಸಿಲುಕಿಸಿದರು. ಲೀಯವರು ತಾತ್ವಿಕ ವಿಭಾಗದ ಮುಖ್ಯಸ್ಥರಾಗಿದ್ದ ಫರ್ಮಿ ಪ್ರಯೋಗಶಾಲೆಯಿಂದಲೇ 2022ರಲ್ಲಿ ಡಬ್ಲ್ಯೂ ಕಣವು ಲೆಕ್ಕಕ್ಕಿಂತ ಭಾರವೆಂಬ ವಾರ್ತೆ ಬರಲು, ಹೊಸ ಹಿಗ್ಸ್‌ಗಳ ಆಸೆ ಮತ್ತೆ ಚಿಗುರಿತು. 2024ರ ಜಿನೀವಾ ಅಳತೆ ಅದಕ್ಕೆ ಬೆಂಬಲವೀಯಲಿಲ್ಲ.

ಇದಾವುದನ್ನೂ ಲೀಯವರು ಕಾಣಲಿಲ್ಲ. 1977ರ ಜೂನ್ 16ರಂದು ಇಲಿನಾಯ್ ಸಂಸ್ಥಾನದ ಹೆದ್ದಾರಿಯಲ್ಲಿ ಲಾರಿಯೊಂದು ಅವರ ಮೋಟಾರಿಗೆ ಬಡಿಯಿತು. ಆಗ ಅವರಿಗೆ 42 ವರ್ಷ.