ಉರ್ದು ಫಲಕದ ಹಿಂದೆ ಕನ್ನಡ ಕಲಿಸಿದ ಪಟ್ಟದ್ದೇವರು

ಬೀದರ್: ಔರಾದ್ ಅಥವಾ ಭಾಲ್ಕಿ ಸೀಮೆಯ ಕುಟುಂಬವೊಂದು ತನ್ನ ವಂಶಾವಳಿ ಹುಡುಕಲು ಹೊರಟರೆ, ಮುತ್ತಜ್ಜನ ಕಾಲಕ್ಕೆ ತಲುಪುವಷ್ಟರಲ್ಲಿ ಕನ್ನಡ ಅಕ್ಷರಗಳು ಅಪರೂಪವಾಗುತ್ತವೆ. ನಿಜಾಮರ ಸರ್ಕಾರದ ಕಡತಗಳು ಉರ್ದುವಿನಲ್ಲಿವೆ. ಅದಕ್ಕೂ ಹಿಂದಿನವು ಪಾರ್ಸಿಯಲ್ಲಿ. ಮರಾಠಿ ಬಳಕೆಯಿದ್ದ ಊರುಗಳ ಕುಲಕರ್ಣಿಗಳ ಲೆಕ್ಕಪತ್ರಗಳಲ್ಲಿ ಮೋಡಿ ಲಿಪಿ. ಮನೆಯಲ್ಲಿ ಕನ್ನಡವಾಡಿದ ರೈತನ ಹೆಸರು, ಹೊಲ, ವಾರಸುದಾರಿಕೆ ಎಲ್ಲವೂ ಅವನಿಗೇ ಓದಲು ಬಾರದ ಅಕ್ಷರಗಳಲ್ಲಿ ದಾಖಲಾದವು. ಆ ಸ್ಥಿತಿಯ ವಿರುದ್ಧ ಬದುಕು ಸವೆಸಿದವರು ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು.

ಅವರು ಜನಿಸಿದ್ದು 1890ರ ಡಿಸೆಂಬರ್ 22ರಂದು, ಅಂದು ಔರಾದ್ ಸೀಮೆಗೆ ಸೇರಿದ್ದ ಕಮಲನಗರದಲ್ಲಿ. ವಂಶ ಹುಡುಕುವವರಿಗೆ ಅವರ ಬದುಕೇ ಒಂದು ಪಾಠ. ಪಟ್ಟದ್ದೇವರು ಎಂಬುದು ಮನೆತನದ ಅಡ್ಡಹೆಸರಲ್ಲ, ಮಠದ ಪದವಿ. ಅದು ತಂದೆಯಿಂದ ಮಗನಿಗಲ್ಲ, ಗುರುವಿನಿಂದ ಶಿಷ್ಯನಿಗೆ ಸಲ್ಲುತ್ತದೆ. ಸಂನ್ಯಾಸದೊಂದಿಗೆ ರಕ್ತಸಂಬಂಧದ ಕವಲು ಅಲ್ಲಿಗೇ ನಿಲ್ಲುತ್ತದೆ.

ಶಾಲೆಗಳಲ್ಲಿ ಉರ್ದುವಿನದೇ ಪ್ರಾಬಲ್ಯವಿದ್ದ ಆ ದಿನಗಳಲ್ಲಿ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಇದು ಜಾಣತನದ ಕಥೆಯಾಗಿ ಇಂದು ನಗು ತರಿಸಬಹುದು; ಅಂದು ಅದರಲ್ಲಿ ಅಪಾಯವಿತ್ತು. ಬಡ ಮಕ್ಕಳಿಗೆ ಮಠದಲ್ಲಿ ಅನ್ನ, ಆಸರೆಯೂ ದೊರೆಯಿತು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಔರಾದ್ ಮೈಸೂರು ರಾಜ್ಯಕ್ಕೆ ಬಂದವು. ಉದಗೀರ್, ನಿಲಂಗಾ ಮುಂಬಯಿ ರಾಜ್ಯಕ್ಕೆ, ನಾರಾಯಣಖೇಡ ಆಂಧ್ರಕ್ಕೆ ಹೋದವು. ಗಡಿ ಬದಲಾದರೂ ಹೆಣ್ಣು ಕೊಟ್ಟು ತರುವ ಸಂಬಂಧ ಕಡಿಯಲಿಲ್ಲ. ಹೀಗಾಗಿ ಸೋದರತ್ತೆಯ ಮನೆ ಉದಗೀರಿನಲ್ಲಿದ್ದರೆ, ಆ ಕವಲಿನ ಹೆಸರುಗಳಿಗಾಗಿ ಇಂದು ಮಹಾರಾಷ್ಟ್ರದ ಲಾತೂರ್ ಜಿಲ್ಲೆಗೆ ಹೋಗಬೇಕು.

ಬಸವಕಲ್ಯಾಣದ ಅನುಭವ ಮಂಟಪದ ನಿರ್ಮಾಣಕ್ಕೂ ಶ್ರಮಿಸಿದ ಪಟ್ಟದ್ದೇವರು 1999ರ ಏಪ್ರಿಲ್ 22ರಂದು ತಮ್ಮ 108ನೇ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಹಿರೇಮಠದ ಪರಂಪರೆಯಲ್ಲಿ ಅವರ ನಂತರದ ಹೆಸರು ಶಿಷ್ಯರದು: ಬಸವಲಿಂಗ ಪಟ್ಟದ್ದೇವರು.